ರೌಟರ್ ಮಾಸ್ಟರ ಪಾಸ್‌ವರ್ಡ್

ಮೂರನೇ ಮಹಡಿಯ ಟೇಲರ್ ಮಾಸ್ಟರಿಗೆ ಆ ಕಟ್ಟಡದಲ್ಲಿ ಎರಡು ಕೀರ್ತಿಗಳಿದ್ದವು. ಒಂದು, ಅವರು ಹೊಲಿದ ಪ್ಯಾಂಟಿನ ಜೇಬು ಎಂದೂ ಹರಿಯುವುದಿಲ್ಲ ಎಂಬುದು. ಇದು ನಿಜ. ಇನ್ನೊಂದು, ಮನೆಯ ಬ್ರಾಡ್‌ಬ್ಯಾಂಡ್ ರೌಟರನ್ನು ಕಂಪನಿಯವರ ಹಂಗಿಲ್ಲದೆ ತಾವೇ ಕೂಡಿಸಿದರು ಎಂಬುದು. ಇದು ಸುಳ್ಳು. ಆದರೆ ಜನ ಸುಳ್ಳನ್ನೇ ಹೆಚ್ಚು ಮೆಚ್ಚಿ ಅವರಿಗೆ ರೌಟರ್ ಮಾಸ್ಟ್ರು ಎಂದು ಹೆಸರಿಟ್ಟಿದ್ದರು. ಜೇಬಿನ ಮಾತು ಯಾರೂ ಎತ್ತುತ್ತಿರಲಿಲ್ಲ.

ನಡೆದದ್ದು ಇಷ್ಟು. ಮೂರು ವರ್ಷದ ಹಿಂದೆ ಕಂಪನಿಯವನು ತಂತಿ ಎಳೆದು, ಡಬ್ಬಿ ಕೈಗಿಟ್ಟು, ಉಳಿದದ್ದಕ್ಕೆ ನಾಳೆ ಬರುತ್ತೇನೆ ಎಂದು ಹೋದವನು ಹೋದ. ಮಾಸ್ಟರ ಹೆಂಡತಿ ಎರಡು ದಿನ ಕಾದಳು. ಮೂರನೆಯ ದಿನ ಕನ್ನಡಕ ಏರಿಸಿ, ಡಬ್ಬಿಯೊಳಗಿನ ಪುಸ್ತಿಕೆ ಓದಿ, ಹಳದಿ ತಂತಿಯನ್ನು ಹಳದಿ ತೂತಿಗೆ ಸಿಕ್ಕಿಸಿ, ತನ್ನ ಫೋನಿನಲ್ಲಿ ಏನೇನೋ ಒತ್ತಿ, ಅರ್ಧ ಗಂಟೆಯಲ್ಲಿ ಹಸಿರು ದೀಪ ಹತ್ತಿಸಿದಳು. ಮಾಸ್ಟರು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಅದರ ಬೆಳಕನ್ನೂ ಹೆಚ್ಚಿನ ಹೊತ್ತು ತಮ್ಮ ಮುಖಕ್ಕೇ ಬಿಟ್ಟುಕೊಂಡಿದ್ದರು.

ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಮೀಟರ್ ರೀಡರ್ ಒಳಗೆ ಬಂದು, "ಯಾರ್ರೀ ಇದನ್ನ ಕೂಡಿಸಿದ್ದು?" ಎಂದು ಕೇಳಿದರು.

"ನಾನೇ" ಎಂದುಬಿಟ್ಟರು ಮಾಸ್ಟರು. ಬಾಯಿಗೆ ಆ ಮಾತು ಎಲ್ಲಿಂದ ಬಂತೋ ಅವರಿಗೇ ಗೊತ್ತಿಲ್ಲ. ಹೆಂಡತಿ ಅವರ ಮುಖವನ್ನೊಮ್ಮೆ ನೋಡಿ, ನಕ್ಕು, ಚಹಾ ಮಾಡಲು ಎದ್ದುಹೋದಳು.

"ಪಾಸ್‌ವರ್ಡ್ ಏನಿಟ್ರಿ?"

"ಅದನ್ನ ಹೇಳೋದಾ? ನಮ್ಮನೆಯವಳಿಗೂ ಹೇಳಿಲ್ಲ."

ವಾಸ್ತವದಲ್ಲಿ ಹೆಂಡತಿಯೇ ಅವರಿಗೆ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅದಕ್ಕೆ ನೆಟ್ಟಿನ ಗೊಡವೆಯೇ ಇರಲಿಲ್ಲ.

ಅಂದಿನಿಂದ ಕಟ್ಟಡದಲ್ಲಿ ಯಾರ ಮನೆಯ ನೆಟ್ ನಿಂತರೂ ಮಾಸ್ಟರ ಬಾಗಿಲು ತಟ್ಟುವುದು ರೂಢಿಯಾಯಿತು. ಮಾಸ್ಟರು ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡು, "ಇರಿ, ಯೋಚನೆ ಮಾಡಿ ಹೇಳ್ತೀನಿ" ಎಂದು ಅಡುಗೆಮನೆಗೆ ಹೋಗುವರು. ಎರಡು ನಿಮಿಷ ಬಿಟ್ಟು ಹೊರಬಂದು, "ಸ್ವಿಚ್ ಆಫ್ ಮಾಡಿ, ಇಪ್ಪತ್ತು ಎಣಿಸಿ, ಆನ್ ಮಾಡಿ" ಎನ್ನುವರು. ಇಷ್ಟು ಯೋಚನೆಗೆ ಅಡುಗೆಮನೆಯೇ ಯಾಕೆ ಬೇಕು ಎಂದು ಒಬ್ಬರೂ ಕೇಳಲಿಲ್ಲ.

ಎರಡು ತಿಂಗಳ ಹಿಂದೆ ಒಂದು ಬೆಳಗ್ಗೆ ಹೆಂಡತಿ ಆ ಅಡುಗೆಮನೆಯಲ್ಲೇ ಬಿದ್ದಳು. ಕೈಯಲ್ಲಿದ್ದ ಫೋನು ಚೂರಾಯಿತು. ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು, ಮಾತು ಪೂರ್ತಿ ಹೋಯಿತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಆದರೆ ಉತ್ತರ ಬಾಯಿಗೂ ಬರುತ್ತಿರಲಿಲ್ಲ, ಸ್ಲೇಟು ಕೊಟ್ಟರೆ ಎಡಗೈಗೂ ಬರುತ್ತಿರಲಿಲ್ಲ. ಹನ್ನೊಂದನೆಯ ದಿನ ಆಸ್ಪತ್ರೆಯ ಮಂಚದ ಮೇಲೆ ಆಕೆ ಬಾಯಿ ತೆರೆದು ಒಂದೇ ಒಂದು ಮಾತು ಆಡಿದಳು. "ರೀ."

ಮೂವತ್ತೆಂಟು ವರ್ಷದಿಂದ ಆಕೆ ಗಂಡನನ್ನು ಬೇರೆ ಹೆಸರಿನಿಂದ ಕರೆದವಳಲ್ಲ. ಮಾಸ್ಟರು ವಾರ್ಡಿನ ಹೊರಗೆ ಹೋಗಿ, ಗೋಡೆಗೆ ಮುಖ ಮಾಡಿ ಅತ್ತರು. ಮನೆಗೆ ಬಂದ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು: "ತನ್ನ ಹೆಸರು ಮರೆತಳು, ಮನೆ ಮರೆತಳು, ಉಪ್ಪು, ಸಕ್ಕರೆ ಎಲ್ಲ ಮರೆತಳು. ಎಲ್ಲ ಬಿಟ್ಟು ನನ್ನೊಬ್ಬನ್ನ ಇಟ್ಕೊಂಡಿದಾಳೆ." ಕೇಳಿದವರು ಕಣ್ಣೊರೆಸಿಕೊಂಡರು. ಮೀಟರ್ ರೀಡರಂತೂ ಮನೆಗೆ ಹೋಗಿ, ನಿನಗೆ ಹೀಗಾದರೆ ನನ್ನನ್ನು ಕರೆಯುತ್ತೀಯಾ ಎಂದು ತಮ್ಮ ಹೆಂಡತಿಯನ್ನು ಕೇಳಿದರಂತೆ. "ಕರೆದ ತಕ್ಷಣ ಬರೋರ ಥರ ಕೇಳ್ತೀರಲ್ಲ" ಎಂದು ಆಕೆ ಬಾಗಿಲು ಹಾಕಿಕೊಂಡಳಂತೆ.

ಮಾತು ಮರಳಿ ಬರಬೇಕಾದರೆ ಮೊದಲ ಕೆಲವು ತಿಂಗಳಲ್ಲೇ ಕಲಿಸಬೇಕು, ಆಮೇಲೆ ಕಷ್ಟ ಎಂದು ವೈದ್ಯರು ಹೇಳಿದ್ದರು. ಮಾತು ಕಲಿಸುವ ಮೇಡಂ ಇದ್ದದ್ದು ದೂರದ ಊರಿನಲ್ಲಿ. ದಿನಾ ಹನ್ನೊಂದು ಗಂಟೆಗೆ ಪರದೆಯ ಮೇಲೆ ಪಾಠ, ಸೋಮವಾರದಿಂದ ಶುರು. ಅದಕ್ಕೆಂದು ಹೆಂಡತಿಯ ತಮ್ಮ ಒಂದು ವಾರ ರಜೆ ಹಾಕಿ, ಹೊಸ ಟ್ಯಾಬ್ ಹಿಡಿದುಕೊಂಡು ಬಂದಿಳಿದ. ಪೆಟ್ಟಿಗೆ ಬಿಚ್ಚಿ, ಅಕ್ಕನ ಮಂಚದ ಪಕ್ಕ ಕೂತು, "ಭಾವ, ಪಾಸ್‌ವರ್ಡ್ ಹೇಳಿ" ಎಂದ.

ಮಾಸ್ಟರ ಮೂರು ವರ್ಷದ ಕೀರ್ತಿ ಆ ಕ್ಷಣ ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿತು.

"ಕೊಡು ಇಲ್ಲಿ. ಅದನ್ನೆಲ್ಲ ಬಾಯಲ್ಲಿ ಹೇಳೋದಲ್ಲ" ಎಂದು ಟ್ಯಾಬ್ ಕಿತ್ತುಕೊಂಡು, ಕಿಟಕಿಯ ಕಡೆ ತಿರುಗಿ ಒತ್ತತೊಡಗಿದರು. ಹೆಂಡತಿಯ ಹೆಸರು ಹಾಕಿದರು. ತಪ್ಪು. ತಮ್ಮ ಹೆಸರು ಹಾಕಿದರು. ತಪ್ಪು. ಮದುವೆಯ ತಾರೀಖು ಹಾಕಿದರು. ಅದೂ ತಪ್ಪು, ಆ ತಾರೀಖೇ ತಪ್ಪೆಂದು ಭಾಮೈದ ಒತ್ತುವ ಬೆರಳನ್ನು ಹಿಂದಿನಿಂದ ಇಣುಕಿ ನೋಡಿ ಹೇಳಿದ. "ಟ್ಯಾಬ್ ಸರಿ ಇಲ್ಲ ಕಣಯ್ಯ. ಅಕ್ಷರ ಒಂದೊತ್ತಿದ್ರೆ ಚುಕ್ಕಿ ಬೀಳುತ್ತೆ" ಎಂದರು ಮಾಸ್ಟರು.

"ಪಾಸ್‌ವರ್ಡ್ ಚುಕ್ಕಿಯಾಗೇ ಕಾಣೋದು ಭಾವ."

ಮಂಚದ ಮೇಲಿಂದ ಹೆಂಡತಿ "ರೀ" ಎಂದಳು. ಮಾಸ್ಟರು ಓಡಿಹೋದರು. ಆಕೆ ಎಡಗೈಯ ನಾಲ್ಕು ಬೆರಳು ಎತ್ತಿ ತೋರಿಸಿದಳು. "ಗಂಟೆ ನಾಲ್ಕಾಯ್ತಾ? ಚಹಾ ಬೇಕಂತೆ" ಎಂದು ಮಾಸ್ಟರು ಒಲೆ ಹಚ್ಚಿದರು. ಆಕೆ ಚಹಾ ಕುಡಿಯಲಿಲ್ಲ. ಮತ್ತೆ "ರೀ" ಎಂದಳು, ಮತ್ತೆ ನಾಲ್ಕು ಬೆರಳು ಎತ್ತಿದಳು. ಮಾಸ್ಟರು ಇನ್ನಷ್ಟು ಸಕ್ಕರೆ ಹಾಕಿಕೊಟ್ಟರು.

ಸುದ್ದಿ ತಿಳಿದು ಮೀಟರ್ ರೀಡರ್ ಭೂತಗನ್ನಡಿ ಹಿಡಿದು ಬಂದರು. ಮೀಟರ್ ಇಲ್ಲದ ವಸ್ತುವನ್ನು ಅವರು ನಂಬುತ್ತಿರಲಿಲ್ಲವಾದ್ದರಿಂದ ಅವರ ಮನೆಯಲ್ಲಿ ನೆಟ್ ಇರಲಿಲ್ಲ. ಕೆಳಗಿನ ಮನೆಗಳದ್ದು ಮೂರನೇ ಮಹಡಿಗೆ ಹತ್ತುತ್ತಿರಲಿಲ್ಲ. ಅವರು ರೌಟರನ್ನು ಅಂಗಾತ ಮಲಗಿಸಿ ಬೆನ್ನ ಮೇಲಿನ ಚೀಟಿ ಓದಿದರು. ಹದಿನಾರು ಅಕ್ಷರ. ಮೂವತ್ತು ವರ್ಷ ಜನರ ಮನೆಯ ಮೀಟರು ಓದಿದವರು, ಆದರೂ ಸೊನ್ನೆ ಯಾವುದು, ಓ ಯಾವುದು ಎಂಬಲ್ಲಿ ಎಡವಿದರು. ಒಂಬತ್ತು ಸಲ ಹಾಕಿದರೂ ಡಬ್ಬಿ ಒಪ್ಪಲಿಲ್ಲ. "ಇದು ಕಾರ್ಖಾನೆಯವರು ಇಟ್ಟದ್ದು. ಭಾವ ಬದಲಾಯಿಸಿದಾರೆ ಅಂತ ಕಾಣುತ್ತೆ" ಎಂದ ಭಾಮೈದ. ಇಬ್ಬರೂ ಮಾಸ್ಟರನ್ನು ನೋಡಿದರು. ಮಾಸ್ಟರು ಚಾವಣಿ ನೋಡಿದರು.

"ರೀ" ಎಂದಳು ಹೆಂಡತಿ. ನಾಲ್ಕು ಬೆರಳು.

ಮೀಟರ್ ರೀಡರಿಗೆ ತಟ್ಟನೆ ಹೊಳೆಯಿತು. "ಅಕ್ಕೋರು ಕರೀತಿಲ್ಲ ಕಣ್ರೀ, ರೀ...ಸ್ಟಾರ್ಟ್ ಅಂತಿದಾರೆ. ನಾಲ್ಕು ಸಲ ರೀಸ್ಟಾರ್ಟ್ ಮಾಡಬೇಕಂತೆ."

ನಾಲ್ಕು ಸಲ ಆಫ್ ಮಾಡಿದರು, ನಾಲ್ಕು ಸಲ ಇಪ್ಪತ್ತು ಎಣಿಸಿದರು. ದೀಪ ಹಸಿರಾಗೇ ಇತ್ತು, ಟ್ಯಾಬ್ ಪಾಸ್‌ವರ್ಡ್ ಕೇಳುತ್ತಲೇ ಇತ್ತು. "ಹಾಗಾದ್ರೆ ರೀಚಾರ್ಜ್. ನಾಲ್ಕು ತಿಂಗಳದ್ದು" ಎಂದ ಭಾಮೈದ. ಅದೂ ಆಯಿತು. "ಹಾಗಾದ್ರೆ ರೀಸೆಟ್ಟೇ ಸೈ" ಎಂದು ಆತ ಪಿನ್ನು ಹಿಡಿದು ಡಬ್ಬಿಯ ಸಣ್ಣ ತೂತಿನತ್ತ ಬಾಗಿದಾಗ ಹೆಂಡತಿ ತಲೆ ಕೊಡವಿ, ಮುಖ ಕೆಂಪಾಗಿಸಿ, ಕಣ್ಣಲ್ಲಿ ನೀರು ತಂದುಕೊಂಡಳು. ಅದನ್ನು ಒತ್ತಿದರೆ ಆಕೆ ಕೂಡಿಸಿದ್ದೆಲ್ಲ ಅಳಿಸಿಹೋಗುತ್ತಿತ್ತು. ಮೂವರೂ ಹೆದರಿ ಪಿನ್ನು ಕೆಳಗಿಟ್ಟರು. ಯಾರಾದರೂ ಒಬ್ಬರು ಆಗ ಆಕೆಯನ್ನು ಸರಿಯಾಗಿ ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಕಂಪನಿಗೆ ಫೋನ್ ಮಾಡಿದರು. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಅಧಿಕಾರಿಯ ದನಿ ಬಂತು. ಬಹಳ ಮೃದುವಾದ ದನಿ. ಆಗದು ಎನ್ನುವುದಕ್ಕೆಂದೇ ಪಳಗಿಸಿದ್ದು.

"ಹೊಸ ಪಾಸ್‌ವರ್ಡ್ ಮಾಡಿಕೊಡೋಣ ಸರ್. ಆದರೆ ಕನೆಕ್ಷನ್ ನಿಮ್ಮ ಶ್ರೀಮತಿಯವರ ಹೆಸರಲ್ಲಿದೆ. ಅವರು ತಮ್ಮ ಹೆಸರು, ಹುಟ್ಟಿದ ದಿನ ಹೇಳಿ ಒಪ್ಪಿಗೆ ಕೊಡಬೇಕು."

"ಅವಳಿಗೆ ಮಾತು ಬರಲ್ಲ ಸ್ವಾಮಿ. ಮಾತು ಬರ್ಲಿ ಅಂತಾನೇ ಇದೆಲ್ಲ."

"ಅರ್ಥ ಆಗುತ್ತೆ ಸರ್. ಎರಡೇ ಮಾತು ಸಾಕು. ಹೆಸರು, ತಾರೀಖು."

"ಎರಡು ಮಾತು ಬಂದಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ?"

"ನಿಯಮ ಸರ್. ಗ್ರಾಹಕರ ದನಿಯಲ್ಲೇ ಇರಬೇಕು."

ಬೇರೆ ದಾರಿ ಕಾಣದೆ ಮಾಸ್ಟರು ಫೋನನ್ನು ಹೆಂಡತಿಯ ಬಾಯಿಗೆ ಹಿಡಿದರು. ಆಕೆ ಉಸಿರೆಳೆದು, ಬೆವರಿ, ಕುತ್ತಿಗೆಯ ನರ ಉಬ್ಬಿಸಿ, "ರೀ" ಎಂದಳು.

"ಪೂರ್ತಿ ಹೆಸರು ಹೇಳಿ ಮೇಡಂ."

"ರೀ. ರೀ. ರೀ. ರೀ."

"ಗ್ರಾಹಕರ ಉತ್ತರ ಸ್ಪಷ್ಟವಿಲ್ಲ ಎಂದು ನಮೂದಿಸಿದ್ದೇನೆ ಸರ್. ನಮ್ಮ ಸೇವೆ ನಿಮಗೆ ತೃಪ್ತಿ ತಂದಿದ್ದರೆ ಒಂದನ್ನು ಒತ್ತಿ."

ಮಾಸ್ಟರು ಒಂದನ್ನು ಒತ್ತಿದರು. ಒತ್ತದಿದ್ದರೆ ಅವರಿಗೆ ಬೇಸರವಾದೀತು ಎಂದು.

ಸೋಮವಾರ ಬಂತು. ಆ ಕಟ್ಟಡದ ಗೋಡೆ ಎಷ್ಟು ದಪ್ಪವೆಂದರೆ ಭಾಮೈದನ ಫೋನಿಗೆ ನೆಟ್ ಸಿಗುತ್ತಿದ್ದದ್ದು ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಮಾತ್ರ. ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಮಾಸ್ಟರೂ ಭಾಮೈದನೂ ಎತ್ತಿ, ಮೀಟರ್ ರೀಡರ್ ಮುಂದೆ ದಾರಿ ಬಿಡಿಸುತ್ತ, ಹನ್ನೊಂದಕ್ಕೆ ಸರಿಯಾಗಿ ಅಲ್ಲಿಗೆ ಇಳಿಸಿದರು. ಮೇಲಿನವರು ಮೇಲಿಂದ ಬಗ್ಗಿ ನೋಡಿದರು, ಕೆಳಗಿನವರು ಕೆಳಗಿಂದ ಹತ್ತಿ ಬಂದರು. ಸೊಪ್ಪು ಕೊಂಡು ಬರುತ್ತಿದ್ದವರು ಚೀಲ ಹಿಡಿದೇ ನಿಂತರು.

ಪರದೆಯ ಮೇಲೆ ಮೇಡಂ ಮುಖ ಮೂಡಿತು, ಬಾಯಿ ತೆರೆದಂತೆಯೇ ಕಲ್ಲಾಯಿತು. ದನಿ ಬಂತು, ಮುಖ ಹೋಯಿತು. "ಅ... ಅನ್ನಿ... ಆ..." ಎಂದು ತುಂಡುತುಂಡಾಗಿ ಕೇಳಿಸಿತು. ಹೆಂಡತಿ ಅನ್ನುವ ಮೊದಲೇ ನಿಂತವರೆಲ್ಲ "ಅ" ಅಂದರು. "ಅಕ್ಕೋರೇ, ಬಾಯಿ ಅಗಲ ತೆಗೀರಿ" ಎಂದರು ಮೀಟರ್ ರೀಡರ್. ಯಾರೋ ಚಪ್ಪಾಳೆ ತಟ್ಟಿದರು. ತುಟಿಯ ಒಂದು ತುದಿಯಿಂದ ಜೊಲ್ಲು ಇಳಿಯಿತು. ಅದನ್ನು ಒರೆಸಿಕೊಳ್ಳಲು ಕೈ ಎತ್ತಿದ ಹೆಂಡತಿ ಒರೆಸಿಕೊಳ್ಳಲಿಲ್ಲ. ಆ ಕೈಯಿಂದ ಸೆರಗು ಎಳೆದು ಮುಖ ಮುಚ್ಚಿಕೊಂಡಳು. ಇಡೀ ಕಟ್ಟಡದ ಲೆಕ್ಕಪತ್ರ, ಅರ್ಜಿ, ಔಷಧದ ಚೀಟಿ ಎಲ್ಲವನ್ನೂ ಓದಿ ಹೇಳುತ್ತಿದ್ದವಳು, ಅವರೆಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು.

ಮೇಲೆ ತಂದು ಮಲಗಿಸಿದ ಮೇಲೆ ಮಾಸ್ಟರು ಭಾಮೈದನ ಎದುರು ಕೂತರು. "ರೌಟರ್ ಕೂಡಿಸಿದ್ದು ನಾನಲ್ಲ ಕಣಯ್ಯ. ನಿಮ್ಮಕ್ಕ. ಪಾಸ್‌ವರ್ಡ್ ಏನು ಅಂತ ನನಗೆ ಗೊತ್ತಿಲ್ಲ."

"ನನಗೆ ಗೊತ್ತಿತ್ತು ಭಾವ" ಎಂದ ಆತ. "ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ."

ಎದುರು ಮನೆಗೂ ಹೋಗಿ ಮಾಸ್ಟರು ಅದನ್ನೇ ಹೇಳಿದರು. ಮೀಟರ್ ರೀಡರ್ ನಂಬಲಿಲ್ಲ. ಹೆಂಡತಿಯ ಚಿಂತೆಯಲ್ಲಿ ಮನುಷ್ಯ ಎಷ್ಟು ಕುಗ್ಗಿದ್ದಾನೆ ನೋಡಿ, ತಾನು ಮಾಡಿದ್ದನ್ನೂ ತಾನು ಮಾಡಿಲ್ಲ ಅಂತಾನೆ ಎಂದು ಸಾರುತ್ತ ಮೂರು ಮಹಡಿ ಇಳಿದರು.

ಮರುದಿನ, ಎರಡು ತಿಂಗಳಿಂದ ಬಾಕಿ ಬಿದ್ದಿದ್ದ ಒಂದು ಪ್ಯಾಂಟಿನ ಕೆಲಸಕ್ಕೆ ಮಾಸ್ಟರು ಯಂತ್ರದ ಮುಂದೆ ಕೂತರು. ಗಿರಾಕಿ ಮೂರು ಸಲ ಬಂದು ಹೋಗಿದ್ದ. ಪೆಡಲ್ ತಿರುಗಿತು. ಯಂತ್ರದ ಮುಂದೆ ಕೂತರೆ ಮಾಸ್ಟರು ಮೊದಲಿನಿಂದಲೂ ಕಿವುಡರೇ. ಸದ್ದು ಒಂದು ಕಾರಣ, ಸೋಮಾರಿತನ ಇನ್ನೊಂದು. ಹೆಂಡತಿ ಕರೆದಳು. ಅವರು ಹೊಲಿದರು. ಮತ್ತೆ ಕರೆದಳು. ಹೊಲಿದರು. ಮೂರನೆಯದಕ್ಕೂ ಕಾಲು ನಿಲ್ಲಲಿಲ್ಲ. ನಾಲ್ಕನೆಯದಕ್ಕೆ ಪೆಡಲ್ ನಿಲ್ಲಿಸಿ, ಮೂವತ್ತೆಂಟು ವರ್ಷದ ಅಭ್ಯಾಸದಂತೆ ತಿರುಗದೆಯೇ, "ಬಂದೆ ಇರೇ, ಅದೆಷ್ಟು ಸಲ ಕೂಗ್ತೀಯ, ನಾಲ್ಕು ಸಲ..." ಎಂದವರು ಅಲ್ಲಿಗೇ ನಿಂತುಹೋದರು.

ತಿರುಗಿ ನೋಡಿದರೆ ಹೆಂಡತಿ ನಾಲ್ಕು ಬೆರಳು ಎತ್ತಿದ್ದಳು. ಮುಖದ ಎಡಭಾಗ ನಗುತ್ತಿತ್ತು. ಆ ಬೆರಳನ್ನೇ ಹಾಗೇ ತಿರುಗಿಸಿ ಗೋಡೆಯ ಮೇಲಿನ ರೌಟರನ್ನು ತೋರಿಸಿದಳು.

"ಅದಾ?" ಎಂದರು ಮಾಸ್ಟರು. "ನೀನು ನನ್ನ ಕೂಗೋದೇ ಪಾಸ್‌ವರ್ಡಾ? ನಾಲ್ಕು ಸಲ?"

ಆಕೆ ದಿಂಬಿನ ಮೇಲೆ ತಲೆ ಆಡಿಸಿದಳು, ಆಡಿಸುತ್ತಲೇ ಇದ್ದಳು.

ಭಾಮೈದ ಟ್ಯಾಬ್ ತಂದ. ರೀ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಅರ್ಧ ಗಂಟೆ ಚರ್ಚೆಯಾಯಿತು. ಆರ್ ಮುಂದೆ ಒಂದು ಐ ಎಂದ ಭಾಮೈದ. ಆಗಲಿಲ್ಲ. ದೀರ್ಘ ಅಲ್ಲವೇ, ಎರಡು ಐ ಇರಲಿ ಎಂದರು ಮೀಟರ್ ರೀಡರ್. ಆಗಲಿಲ್ಲ. ಕೊನೆಗೆ ಮಾಸ್ಟರು ತಮ್ಮ ಗುಂಡಿ ಫೋನ್ ತೆಗೆದು ಹೆಂಡತಿ ಹಿಂದೆ ಕಳಿಸಿದ್ದ ಸಂದೇಶ ನೋಡಿದರು. ರೀ, ಕಪ್ಪು ನೂಲು ತರಬೇಡಿ, ಮನೇಲಿದೆ. ಆರ್, ಅದರ ಮುಂದೆ ಎರಡು ಇ. ನಾಲ್ಕು ಸಲ ಹಾಗೆ ಒತ್ತಿದ್ದೇ ತಡ, ಟ್ಯಾಬಿನ ಮೂಲೆಯಲ್ಲಿ ನೆಟ್ ಸಿಕ್ಕ ಗುರುತಿನ ಬಿಳಿಯ ಬೀಸಣಿಗೆ ಅರಳಿತು.

ಮೀಟರ್ ರೀಡರ್ ಕೈ ಕುಲುಕಿದರು, ಭಾಮೈದ ಅಕ್ಕನ ಕೆನ್ನೆ ಹಿಂಡಿದ. ಮಾಸ್ಟರು ನಗುತ್ತಲೇ ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಇಷ್ಟು ದಿನ ಆಕೆ ತಮ್ಮನ್ನು ಕರೆಯುತ್ತಿದ್ದಾಳೆ ಎಂದುಕೊಂಡು ಓಡಿ ಓಡಿ ಹೋಗಿದ್ದರು. ಆಕೆ ಕರೆದಿರಲಿಲ್ಲ. ಯಾವತ್ತಿನಂತೆ, ತಿಳಿಯದ ಗಂಡನಿಗೆ ಒಳಗಿನಿಂದ ಉತ್ತರ ಹೇಳಿಕೊಟ್ಟಿದ್ದಳು. ಅವರಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ದುಃಖವಾಯಿತು. ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತು ಹೊರಗೆ ಬಂದರು.

ಪಾಠ ಶುರುವಾಯಿತು. ಮೇಡಂ ಬೆಕ್ಕಿನ ಚಿತ್ರ ತೋರಿಸಿ ಇದೇನು ಎಂದು ಕೇಳಿದರು. "ರೀ" ಎಂದಳು ಹೆಂಡತಿ. ಲೋಟ? "ರೀ." ಬಾಗಿಲು? "ರೀ." ಮೇಡಂ ಚಿತ್ರಗಳನ್ನು ಪಕ್ಕಕ್ಕಿಟ್ಟು ಮಾಸ್ಟರನ್ನು ಪರದೆಯ ಹತ್ತಿರ ಕರೆದರು.

"ನೋಡಿ ಅಣ್ಣ, ಬೇಜಾರ್ ಮಾಡ್ಕೋಬೇಡಿ. ಈ ಒಂದು ಮಾತು ನಾಲಿಗೆ ಮೇಲೆ ಕೂತುಬಿಟ್ಟಿದೆ. ಏನು ಹೇಳೋಕೆ ಹೋದ್ರೂ ಇದೇ ಮುಂದೆ ಬರುತ್ತೆ. ಇದು ಹಿಂದೆ ಸರೀದೆ ಬೇರೆ ಮಾತು ಬರಲ್ಲ. ಇನ್ಮೇಲೆ ಇವರು ರೀ ಅಂದಾಗ ನೀವು ಹೋಗ್ಬೇಡಿ, ತಿರುಗೂ ನೋಡ್ಬೇಡಿ. ಬೇರೆ ಏನಾದ್ರೂ ಅನ್ನೋಕೆ ಬಾಯಿ ತೆರೆದಾಗ ಮಾತ್ರ ಹೋಗಿ."

"ಎಷ್ಟು ದಿನ ಅಮ್ಮ?"

"ಅದು ಪೂರ್ತಿ ಬಿಟ್ಟುಹೋಗೋ ತನಕ."

ಮಾಸ್ಟರು ಹೆಂಡತಿಯ ಕಡೆ ನೋಡಿದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಾಗೇ ಮಾಡಿ ಎನ್ನುವಂತೆ ತಲೆ ಆಡಿಸಿದಳು. ಒಂದು ಗಂಟೆಯ ಮೇಲೆ ಮರೆತು, "ರೀ" ಎಂದಳು.

ಅಂದಿನಿಂದ ಮಾಸ್ಟರ ಕಾಲು ಪೆಡಲಿನ ಮೇಲೆ, ಬೆನ್ನು ಮಂಚದ ಕಡೆ. ಭಾಮೈದ ರಜೆ ಮುಗಿದು ಹೋದ. ಆಕೆ ಕರೆದಳು, ಅವರು ತಿರುಗಲಿಲ್ಲ. ಹತ್ತು ಸಲ, ಇಪ್ಪತ್ತು ಸಲ ಕರೆದಳು. ಬಟ್ಟೆಯನ್ನೇ ನೋಡುತ್ತ ಹೊಲಿದರು. ಎಷ್ಟೋ ಸಲ ಸೂಜಿಯಲ್ಲಿ ನೂಲು ಮುಗಿದದ್ದೂ ಗೊತ್ತಾಗಲಿಲ್ಲ. "ಏನ್ರೀ ಮಾಸ್ಟ್ರೇ, ಅಕ್ಕೋರು ಅಷ್ಟು ಕೂಗ್ತಿದಾರೆ, ಮನುಷ್ಯರಾ ನೀವು?" ಎಂದು ಮೀಟರ್ ರೀಡರ್ ಬೈದರು. ಕಾಯಿಲೆ ಹೆಂಡತಿಯನ್ನು ಮಾತಾಡಿಸದ ಗಂಡ ಎಂದು ಕೆಳಗಿನ ಮನೆಯವರು ಅವರಿಗೆ ಬಟ್ಟೆ ಕೊಡುವುದು ನಿಲ್ಲಿಸಿದರು. ಮಾಸ್ಟರು ಯಾರಿಗೂ ವಿವರಿಸಲಿಲ್ಲ. ಬೀದಿಗೆ ಹೋದರೆ ಬನ್ರೀ, ನೋಡ್ರೀ, ತಗೊಳ್ರೀ ಎಂದು ಲೋಕದ ಬಾಯಲ್ಲೆಲ್ಲ ಅದೇ ಮಾತು. ಅಲ್ಲಿ ಮಾತ್ರ ಅವರು ಪ್ರತಿಯೊಂದಕ್ಕೂ ತಿರುಗಿ ನೋಡುತ್ತಿದ್ದರು.

ಹತ್ತೊಂಬತ್ತನೆಯ ದಿನ ಆಕೆ "ನೀ...ರು" ಎಂದಳು. ಮಾಸ್ಟರು ಓಡಿಹೋಗಿ ಅರ್ಧ ಲೋಟ ತಂದರು, ಉಳಿದರ್ಧ ದಾರಿಯಲ್ಲಿ ಚೆಲ್ಲಿತ್ತು. ಆಮೇಲೆ ಹಾಲು ಬಂತು, ಬಾಗಿಲು ಬಂತು, ಸಾಕು ಬಂತು. ಒಂದೊಂದು ಬಂದಾಗಲೂ ಹಳೆಯ ಮಾತು ಕಡಿಮೆಯಾಯಿತು. ಒಂದು ದಿನ ಮಾಸ್ಟರು ಲೆಕ್ಕ ಹಾಕಿ ನೋಡಿದರೆ, ಆಕೆ ರೀ ಎಂದು ಐದು ದಿನವಾಗಿತ್ತು. ಮೇಡಂಗೆ ಬಹಳ ಸಂತೋಷವಾಯಿತು.

"ಮುಂದಿನ ಮಾತು ನೀವೇ ಆರಿಸಿ ಅಣ್ಣ. ಯಾವುದು ಕಲಿಸೋಣ?"

ತಮ್ಮನ್ನು ಕರೆಯುವ ಮಾತೊಂದನ್ನು ಹಿಂದಕ್ಕೆ ಕೊಡಿ ಎಂಬುದು ಅವರ ಬಾಯಿಯ ತನಕ ಬಂದಿತ್ತು. ಅವರು ಹೆಂಡತಿಯ ಸೋತ ಕೈಯನ್ನು ನೋಡಿದರು. ಅದು ಮಂಚದ ಕಂಬಿಗೆ ಒತ್ತಿ ಕೆಂಪಾಗಿದ್ದರೂ ಹೇಳಲಾರದೆ ಮಲಗಿದ್ದಳು. "ನೋವು ಅಂತ ಹೇಳಿಕೊಡಿ" ಎಂದರು.

ಅದಕ್ಕೆ ಒಂದು ವಾರ ಹಿಡಿಯಿತು. ಒಂದು ಮಧ್ಯಾಹ್ನ ಮಾಸ್ಟರು ಬೆನ್ನು ತಿರುಗಿಸಿ ಕೂತು ಹೊಲಿಯುತ್ತಿದ್ದಾಗ, ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು.

"ನೋವು."

ಯಂತ್ರ ಬಿಟ್ಟು ಓಡಿದರು. "ಎಲ್ಲಿ? ಕೈಯಾ? ತಲೆನಾ? ಬೆನ್ನಾ?" ಒಂದೊಂದಾಗಿ ಮುಟ್ಟಿ ಕೇಳಿದರು. ಆಕೆ ಎಲ್ಲದಕ್ಕೂ ಅಲ್ಲವೆಂದು ತಲೆ ಆಡಿಸಿದಳು. ಎಡಗೈ ಎತ್ತಿ ಮೆಲ್ಲಗೆ ಅವರ ಎದೆಯ ಮೇಲೆ ಇಟ್ಟಳು.

"ನೋವು?" ಎಂದು ಕೇಳಿದಳು.

"ನನಗೇನಾಗಿದೆ, ಗುಂಡುಕಲ್ಲಿದ್ದ ಹಾಗಿದೀನಿ" ಎನ್ನಲು ಮಾಸ್ಟರು ಬಾಯಿ ತೆರೆದರು. ಆಕೆ ಕೈ ತೆಗೆಯದೆ ಕಾಯುತ್ತಿದ್ದಳು.

"ಹೂಂ ಕಣೇ" ಎಂದರು. "ತುಂಬಾ."